ಗಂಡಸರು ನಿಮ್ಮ ಸೀಟಿಗೆ ಬೆಲೆ ಕೊಡುತ್ತಾರೆಯೇ?

ನಾನು ಫುಟ್‌ಬಾಲ್ ರೆಫರಿ ಎಂದು ತಿಳಿದ ಕೂಡಲೇ ಎದುರಿಗಿರುವವರು, ಗಂಡಸರಾಗಲಿ ಹೆಂಗಸರಾಗಲಿ, ಮೊದಲು ಕೇಳುವ ಪ್ರಶ್ನೆ ಇದು: ಮೈದಾನದಲ್ಲಿರುವ ಇಪ್ಪತ್ತೆರಡು ಮಂದಿ ಗಂಡಸರು ನಿಮ್ಮ ಮಾತು ಕೇಳುತ್ತಾರೆಯೇ? ಕೇಳುತ್ತಾರೆ. ಇಷ್ಟೇ ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆಂಬ ಅನುಮಾನ ಅವರಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಆಟಗಾರರು ಏಕೆ ಕೇಳುತ್ತಾರೆ, ಯಾವಾಗ ಕೇಳುವುದಿಲ್ಲ, ಈ ವೃತ್ತಿಯಲ್ಲಿ ಹೆಣ್ಣನ್ನು ನಂಬಲು ನಿಜಕ್ಕೂ ತಡಮಾಡುವವರು ಯಾರು ಎಂಬುದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಆಟಗಾರನು ರೆಫರಿಯನ್ನು ಅಳೆಯುವುದು ದನಿಯಿಂದಲ್ಲ, ದೂರದಿಂದ. ಫೌಲ್ ನಡೆದ ಜಾಗಕ್ಕೆ ನಾನು ಎಷ್ಟು ಹತ್ತಿರವಿದ್ದೆ, ನನಗೂ ಚೆಂಡಿಗೂ ನಡುವೆ ಯಾರ ಬೆನ್ನಾದರೂ ಅಡ್ಡವಿತ್ತೇ ಎಂಬುದನ್ನು ಅವನು ಒಂದು ಕ್ಷಣದಲ್ಲಿ ಲೆಕ್ಕ ಹಾಕುತ್ತಾನೆ. ಹತ್ತಿರವಿದ್ದು, ಪಕ್ಕದ ಕೋನದಿಂದ ಕಂಡು, ತಡಮಾಡದೆ ಸೀಟಿ ಊದಿದರೆ ತಪ್ಪು ಮಾಡಿದವನೇ ಕೈ ಎತ್ತಿ ಹಿಂದೆ ಸರಿಯುತ್ತಾನೆ. ಮೂವತ್ತು ಮೀಟರ್ ಹಿಂದೆ ಉಳಿದು ಊದಿದರೆ ಆರು ಅಡಿ ಎತ್ತರದ ಗಂಡಸು ರೆಫರಿಯ ಸುತ್ತಲೂ ಗುಂಪು ಸೇರುತ್ತದೆ. ಹೀಗಾಗಿಯೇ ನಾವು ಮೈದಾನದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡುತ್ತೇವೆ, ಆಟವು ಆದಷ್ಟೂ ನಮಗೂ ಗೆರೆಯ ಬಳಿ ಬಾವುಟ ಹಿಡಿದಿರುವ ಸಹಾಯಕ ರೆಫರಿಗೂ ನಡುವೆಯೇ ಇರುವಂತೆ ನೋಡಿಕೊಳ್ಳುತ್ತೇವೆ. ಫ್ರಾನ್ಸಿನ ರೆಫರಿ ಸ್ಟೆಫನಿ ಫ್ರಾಪಾರ್ಟ್ ಅವರ ಎತ್ತರ 1.64 ಮೀಟರ್. 2019ರ ಆಗಸ್ಟ್ 14ರಂದು ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್ ಮತ್ತು ಚೆಲ್ಸಿ ಪುರುಷರ ತಂಡಗಳ ನಡುವಿನ ಯುಇಎಫ್‌ಎ ಸೂಪರ್ ಕಪ್ ಪಂದ್ಯವನ್ನು ಅವರು ನಡೆಸಿಕೊಟ್ಟರು. ಅದು ಹೆಚ್ಚುವರಿ ಸಮಯವನ್ನೂ ದಾಟಿ ಪೆನಾಲ್ಟಿ ಶೂಟೌಟ್‌ವರೆಗೆ ಹೋಯಿತು. ಹೆಚ್ಚುವರಿ ಸಮಯದಲ್ಲಿ ಅವರು ಚೆಲ್ಸಿಗೆ ಪೆನಾಲ್ಟಿ ಕೊಟ್ಟಾಗಲೂ ಆಟಗಾರರು ನೋಡಿದ್ದು ಅವರು ನಿಂತ ಜಾಗವನ್ನೇ ಹೊರತು ಎತ್ತರವನ್ನಲ್ಲ ಎಂದು ನನ್ನ ನಂಬಿಕೆ.

ಹಾಗೆಂದು ಯಾರೂ ವಾದಿಸುವುದೇ ಇಲ್ಲವೆಂದಲ್ಲ. ವಾದಿಸುತ್ತಾರೆ, ಬೈಯುತ್ತಾರೆ, ನೆಲಕ್ಕೆ ಬಿದ್ದು ಹೊರಳಾಡಿ ನಾಟಕವನ್ನೂ ಆಡುತ್ತಾರೆ. ಆದರೆ ಇದು ಹೆಣ್ಣಿಗೆಂದೇ ಮೀಸಲಾದ ಉಪಚಾರವಲ್ಲ. 2024ರ ಪುರುಷರ ಯುರೋ ಕಪ್‌ನಲ್ಲಿ ತಂಡದ ನಾಯಕನೊಬ್ಬನೇ ರೆಫರಿಯ ಬಳಿ ಬಂದು ವಿವರಣೆ ಕೇಳಬಹುದು, ಉಳಿದವರು ಮುತ್ತಿಕೊಂಡರೆ ಹಳದಿ ಕಾರ್ಡ್ ಎಂಬ ಕಟ್ಟುಪಾಡನ್ನು ತಂದರು. ಗಂಡಸು ರೆಫರಿಗಳ ಮಾತನ್ನು ಎಲ್ಲರೂ ತಲೆಬಾಗಿ ಕೇಳುತ್ತಿದ್ದರೆ ಇಂಥದೊಂದು ಏರ್ಪಾಡೇ ಬೇಕಾಗುತ್ತಿರಲಿಲ್ಲ. ಭಿನ್ನಮತ ತೋರಿಸಿದವನಿಗೆ ಕಾರ್ಡ್ ಕೊಡುವ ಅಧಿಕಾರ ಫುಟ್‌ಬಾಲ್ ನಿಯಮಾವಳಿಯ ಹನ್ನೆರಡನೆಯ ನಿಯಮದಲ್ಲಿದೆ, ಆಟದ ಸಂಗತಿಗಳ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮವೆಂಬ ಮಾತು ಐದನೆಯದರಲ್ಲಿದೆ. ಎರಡೂ ಕಡೆ ಗಂಡು ಹೆಣ್ಣೆಂಬ ಭೇದವಿಲ್ಲ. ಹೆಣ್ಣಿಗಷ್ಟೇ ಎದುರಾಗುವುದು ಬೇರೊಂದಿದೆ: ಗಂಡಸು ತಪ್ಪಿದರೆ ಆ ಒಬ್ಬ ರೆಫರಿ ತಪ್ಪಿದ ಎನ್ನುತ್ತಾರೆ, ನಾನು ತಪ್ಪಿದರೆ ಹೆಂಗಸರಿಗೆ ಈ ಕೆಲಸ ಆಗದು ಎನ್ನುತ್ತಾರೆ. ಕೆಲವೊಮ್ಮೆ ಸರಿಯಾಗಿದ್ದಾಗಲೂ ಅದೇ ಮಾತು. 2011ರ ಜನವರಿಯಲ್ಲಿ ಇಂಗ್ಲೆಂಡಿನ ಪುರುಷರ ಅತ್ಯುನ್ನತ ಲೀಗ್ ಆದ ಪ್ರೀಮಿಯರ್ ಲೀಗ್‌ನ ಪಂದ್ಯವೊಂದಕ್ಕೆ ಶಾನ್ ಮ್ಯಾಸಿ ಸಹಾಯಕ ರೆಫರಿಯಾಗಿದ್ದಾಗ, ಮೈಕ್ ಚಾಲೂ ಇದ್ದುದನ್ನು ಅರಿಯದ ಇಬ್ಬರು ಟೀವಿ ನಿರೂಪಕರು, ಹೆಂಗಸಿಗೆ ಆಫ್‌ಸೈಡ್ ನಿಯಮ (ಚೆಂಡು ಬರುವಾಗ ಆಟಗಾರ ಎದುರಾಳಿಯ ಗೋಲಿನತ್ತ ತೀರಾ ಮುಂದೆ ಇರಬಾರದೆಂಬುದು) ಎಲ್ಲಿ ಗೊತ್ತಿರುತ್ತದೆ ಎಂಬರ್ಥದ ಹಾಸ್ಯ ಮಾಡಿದರು. ಅದೇ ಪಂದ್ಯದಲ್ಲಿ ಒಂದು ಗೋಲಿಗೆ ಮುನ್ನ ಬಾವುಟ ಎತ್ತದೆ ಬಿಟ್ಟ ಆಕೆಯ ಸೂಕ್ಷ್ಮ ತೀರ್ಮಾನ ಸರಿಯೆಂದು ಮರುಪ್ರಸಾರದಲ್ಲಿ ಕಂಡಿತು. ನಿರೂಪಕರಿಬ್ಬರೂ ಆ ಕೆಲಸದಿಂದ ಹೊರಬಿದ್ದರು. ಗಮನಿಸಬೇಕಾದದ್ದೇನೆಂದರೆ, ಅನುಮಾನ ಹುಟ್ಟಿದ್ದು ಮೈದಾನದಲ್ಲಲ್ಲ, ಸ್ಟುಡಿಯೋದಲ್ಲಿ.

ಈ ಪ್ರಶ್ನೆಯ ಬಾಲದಲ್ಲೇ ಇನ್ನೊಂದಿರುತ್ತದೆ: ಅವರ ಜೊತೆ ಓಡಲು ಸಾಧ್ಯವೇ? ಇದಕ್ಕೆ ಅಳತೆಗೋಲು ಇರುವುದರಿಂದ ಉತ್ತರ ಸುಲಭ. ಫಿಫಾ ಮಟ್ಟದ ದೈಹಿಕ ಪರೀಕ್ಷೆಯಲ್ಲಿ 40 ಮೀಟರ್ ದೂರವನ್ನು ಆರು ಸಲ, ಪ್ರತಿ ಸಲವೂ ಗಂಡಸರು 6.0 ಸೆಕೆಂಡಿನೊಳಗೆ, ಹೆಂಗಸರು 6.4 ಸೆಕೆಂಡಿನೊಳಗೆ ಓಡಬೇಕು. ಬಳಿಕ 75 ಮೀಟರ್ ಓಟ, 25 ಮೀಟರ್ ನಡಿಗೆ, ಹೀಗೆ ನಲವತ್ತು ಸಲ. ಪ್ರತಿ ಓಟಕ್ಕೆ ಗಂಡಸರಿಗೆ 15 ಸೆಕೆಂಡ್, ಹೆಂಗಸರಿಗೆ 17. ಪುರುಷರ ಪಂದ್ಯ ನಡೆಸಬಯಸುವ ಹೆಂಗಸು ಪುರುಷರ ಸಮಯದಲ್ಲಿಯೇ ಮುಗಿಸಬೇಕು, ರಿಯಾಯಿತಿಯಿಲ್ಲ. ಹಾಗಾಗಿ ಪುರುಷರ ಉನ್ನತ ಲೀಗ್‌ನಲ್ಲಿ ಹೆಣ್ಣು ರೆಫರಿಯೊಬ್ಬಳನ್ನು ಕಂಡಾಗ ಆಕೆ ಓಡಬಲ್ಲಳೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅದು ಅಲ್ಲಿಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ.

ನನ್ನನ್ನು ಕೇಳಿದರೆ, ಕಷ್ಟವಿರುವುದು ತೊಂಬತ್ತು ನಿಮಿಷಗಳಲ್ಲಲ್ಲ, ಆ ತೊಂಬತ್ತು ನಿಮಿಷ ಯಾರಿಗೆ ಸಿಗಬೇಕೆಂದು ತೀರ್ಮಾನಿಸುವ ಕೋಣೆಯಲ್ಲಿ. ಜರ್ಮನಿಯ ಪೊಲೀಸ್ ಅಧಿಕಾರಿ ಬಿಬಿಯಾನಾ ಸ್ಟೈನ್‌ಹೌಸ್ ಆ ದೇಶದ ಪುರುಷರ ಲೀಗ್‌ನ ಎರಡನೆಯ ದರ್ಜೆಯಾದ ಎರಡನೆಯ ಬುಂಡೆಸ್‌ಲೀಗಾಕ್ಕೆ ಬಂದದ್ದು 2007ರಲ್ಲಿ. ಆ ಬಳಿಕ ಅವರು 2011ರ ಮಹಿಳಾ ವಿಶ್ವಕಪ್ ಫೈನಲ್ ನಡೆಸಿದರು, 2012ರ ಒಲಿಂಪಿಕ್ಸ್‌ನ ಮಹಿಳಾ ಫೈನಲ್ ನಡೆಸಿದರು. ಆದರೂ ಮೊದಲನೆಯ ಬುಂಡೆಸ್‌ಲೀಗಾದಲ್ಲಿ ಹೆರ್ತಾ ಬರ್ಲಿನ್ ಮತ್ತು ವೆರ್ಡರ್ ಬ್ರೆಮೆನ್ ಪಂದ್ಯ ಅವರ ಕೈಗೆ ಸಿಕ್ಕಿದ್ದು 2017ರ ಸೆಪ್ಟೆಂಬರ್ 10ರಂದು. ಒಂದು ಮೆಟ್ಟಿಲಿಗೆ ಹತ್ತು ವರ್ಷ. ಫ್ರಾಪಾರ್ಟ್ ಫ್ರಾನ್ಸಿನಲ್ಲಿ ಅದೇ ಬಗೆಯ ಮೆಟ್ಟಿಲನ್ನು 2014ರಿಂದ 2019ರ ನಡುವೆ, ಐದು ವರ್ಷಗಳಲ್ಲಿ ಏರಿದರು. ಇಂಗ್ಲೆಂಡಿನ ರೆಬೆಕ್ಕಾ ವೆಲ್ಚ್ 2021ರ ಏಪ್ರಿಲ್‌ನಲ್ಲಿ ಪುರುಷರ ನಾಲ್ಕನೆಯ ದರ್ಜೆಯ ಲೀಗ್ ಪಂದ್ಯ ನಡೆಸಿ, 2023ರ ಡಿಸೆಂಬರ್ 23ರಂದು ಫುಲ್ಹಮ್ ಮತ್ತು ಬರ್ನ್ಲಿ ಪಂದ್ಯದೊಂದಿಗೆ ಪ್ರೀಮಿಯರ್ ಲೀಗ್ ತಲುಪಿದರು. ಈ ಹದಿನಾರು ವರ್ಷಗಳಲ್ಲಿ ಹೆಂಗಸರ ಕಾಲಿನ ವೇಗವಾಗಲೀ ನಿಯಮಗಳ ತಿಳಿವಳಿಕೆಯಾಗಲೀ ದಿಢೀರನೆ ಹೆಚ್ಚಲಿಲ್ಲ. ಬದಲಾದದ್ದು ನೇಮಕ ಮಾಡುವವರ ಧೈರ್ಯ.

ಈ ತಡದಿಂದಾಗುವ ನಷ್ಟ ಬರೀ ಗೌರವದ್ದಲ್ಲ, ಕಸುಬಿನದು. ರೆಫರಿಯ ಕಣ್ಣು ಪಳಗುವುದು ಆಟದ ವೇಗದಲ್ಲಿಯೇ. ವೇಗದ ಪಂದ್ಯಗಳನ್ನು ವಾರವಾರವೂ ನಡೆಸಿದವರಿಗೆ ಚೆಂಡು ಎಲ್ಲಿ ಬೀಳುತ್ತದೆಂಬುದು ಕಾಲಿಗೇ ಗೊತ್ತಾಗುತ್ತದೆ, ಫೌಲ್ ಆದರೂ ಆಟ ಮುಂದುವರಿಸಿ ಫೌಲ್‌ಗೆ ಒಳಗಾದ ತಂಡಕ್ಕೆ ಲಾಭ ಕೊಡಬೇಕೇ ಎಂಬ ತೀರ್ಮಾನ ಬೇಗ ಬರುತ್ತದೆ. ಅಂಥ ಪಂದ್ಯಗಳನ್ನು ಕೊಡದೆ, ಕೊಟ್ಟರೂ ಮೈದಾನದ ಹೊರಗೆ ನಿಲ್ಲುವ ನಾಲ್ಕನೆಯ ಅಧಿಕಾರಿಯ ಸ್ಥಾನದಲ್ಲಿ ಬದಲಿ ಆಟಗಾರರ ಬೋರ್ಡ್ ಹಿಡಿಸಿ ನಿಲ್ಲಿಸಿ, ಕೊನೆಗೆ ರೆಫರಿಯ ಕೆಲಸವನ್ನು ಅಳೆಯುವ ಅಧಿಕಾರಿಯ ವರದಿಯಲ್ಲಿ "ಅನುಭವ ಸಾಲದು" ಎಂದು ಬರೆಯುವುದು ಈಜಬೇಕಾದವಳನ್ನು ದಡದಲ್ಲೇ ಕೂರಿಸಿ ಈಜು ಬಾರದೆಂದು ದೂರಿದಂತೆ. 2022ರ ಪುರುಷರ ವಿಶ್ವಕಪ್‌ಗೆ ಆಯ್ಕೆಯಾದ ಮೂವರು ಮಹಿಳಾ ರೆಫರಿಗಳಾದ ಫ್ರಾಪಾರ್ಟ್, ಜಪಾನಿನ ಯೊಶಿಮಿ ಯಮಾಶಿತಾ, ರುವಾಂಡಾದ ಸಲಿಮಾ ಮುಕನ್ಸಂಗಾ, ಮೂವರೂ ಅದಕ್ಕೂ ಮೊದಲೇ ತಮ್ಮ ಖಂಡಗಳ ಪುರುಷರ ಪಂದ್ಯಾವಳಿಗಳಲ್ಲಿ ಸೀಟಿ ಹಿಡಿದಿದ್ದರು. ಡಿಸೆಂಬರ್ 1ರ ಕೋಸ್ಟರಿಕಾ ಮತ್ತು ಜರ್ಮನಿ ಪಂದ್ಯದಲ್ಲಿ ಫ್ರಾಪಾರ್ಟ್ ಜೊತೆಗೆ ಬ್ರೆಜಿಲ್‌ನ ನೆವುಜಾ ಬಾಕ್ ಮತ್ತು ಮೆಕ್ಸಿಕೋದ ಕರೆನ್ ಡಿಯಾಸ್ ಬಾವುಟ ಹಿಡಿದರು. ಜರ್ಮನಿ 4-2ರಿಂದ ಗೆದ್ದೂ ಟೂರ್ನಿಯಿಂದ ಹೊರಬಿದ್ದ ಆ ರಾತ್ರಿ ಪಂದ್ಯ ಮುಗಿದ ಮೇಲೆ ಜರ್ಮನಿಯ ಗತಿಯೇ ದೊಡ್ಡ ಚರ್ಚೆಯಾಯಿತು, ರೆಫರಿಯ ತೀರ್ಮಾನಗಳಲ್ಲ. ರೆಫರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಹಣದ ಮಾತು ಬಂದರೆ, ಬಹುಪಾಲು ರೆಫರಿಗಳಿಗೆ ಇದು ಇನ್ನೊಂದು ಕೆಲಸದ ಜೊತೆಗಿನ ಕೆಲಸ. ವೆಲ್ಚ್ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿದ್ದವರು, ಮುಕನ್ಸಂಗಾ ನರ್ಸಿಂಗ್ ಓದಿದವರು. ಇದು ಗಂಡಸರಿಗೂ ಉಂಟು. ಹೆಂಗಸರಿಗೆ ಮಾತ್ರ ಬರುವ ತೊಡಕು ಹೆರಿಗೆಯದು: ದೈಹಿಕ ಪರೀಕ್ಷೆಯನ್ನು ಮತ್ತೆ ಮತ್ತೆ ಗೆಲ್ಲುತ್ತಲೇ ಇರಬೇಕು, ಅಂತರರಾಷ್ಟ್ರೀಯ ಪಟ್ಟಿಗೆ ಹೆಸರು ಪ್ರತಿ ವರ್ಷವೂ ಹೊಸದಾಗಿ ಹೋಗಬೇಕು, ಮತ್ತು ರೆಫರಿಯ ಕಣ್ಣೂ ಕಾಲೂ ಹದಕ್ಕೆ ಬರುವ ವಯಸ್ಸೇ ತಾಯಿಯಾಗುವ ವಯಸ್ಸೂ ಹೌದು. ಒಂದು ವರ್ಷ ಮೈದಾನದಿಂದ ದೂರ ಉಳಿದವಳನ್ನು ಕೆಳಗಿನ ದರ್ಜೆಯಿಂದ ಮತ್ತೆ ಮೊದಲು ಮಾಡಿಸಿದರೆ, ಮೊದಲೇ ತಡವಾಗಿದ್ದ ಏಣಿಯನ್ನು ಅವಳು ಎರಡು ಸಲ ಹತ್ತಬೇಕಾಗುತ್ತದೆ. ಪರೀಕ್ಷೆಯ ಅಂಕಿಗಳನ್ನು ಸಡಿಲಿಸಿ ಎಂದು ನಾನು ಎಂದೂ ಕೇಳಿಲ್ಲ. ಪರೀಕ್ಷೆಯ ಗಡುವನ್ನು ಮುಂದೂಡಿ, ಆ ತನಕ ಅವಳ ದರ್ಜೆಯನ್ನು ಉಳಿಸಿಡಿ ಎಂದಷ್ಟೇ ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.