ಯಾವ ನಗರ?

ಇವತ್ತು ಕಂಡಕ್ಟರ್ "ನಗರ, ನಗರ" ಅಂತ ಕೂಗಿದಾಗ ಪಕ್ಕದ ಸೀಟಿನ ಹುಡುಗ ಕೇಳಿದ, "ಯಾವ ನಗರ ಅಣ್ಣಾ?"

ನಗು ಬಂತು. ಇಳಿದರೆ ನಾಲ್ಕು ಅಂಗಡಿ, ಒಂದು ಕೋಟೆ.

ಕೆಳದಿ ಅರಸರ ರಾಜಧಾನಿ ಬಿದನೂರು ಇದೇ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಆಮೇಲೆ ಹೈದರ್ ಉದುರಿಹೋಗಿ ನಗರ ಉಳಿಯಿತು. ಅದೂ ಹೆಸರಿಗೆ ಮಾತ್ರ!

ಸುಮ್ನೆ ಕೋಟೆ ಹತ್ತಿದೆ. ಅಕ್ಕ-ತಂಗಿ ಕೊಳದಲ್ಲಿ ಒಂದು ಚಿಪ್ಸ್ ಪ್ಯಾಕೆಟ್. ಗಾಳಿ ಬೀಸಿದ ಕಡೆಗೆಲ್ಲ ದೋಣಿ ಥರ ತೇಲುತ್ತಿತ್ತು. ಕೋಲು ಹಾಕಿ ಎಳೆದೆ, ಎಟುಕಲಿಲ್ಲ. ಹತ್ತಿರ ಬಂದಂತೆ ಮಾಡಿ ಮತ್ತೆ ದೂರ.

ಗೋಡೆ ಮೇಲೆ ಯಾರೋ ಹೃದಯ ಕೆತ್ತಿ ಇಬ್ಬರ ಹೆಸರು ಬರೆದಿದ್ದಾರೆ. ಕಲ್ಲಿನಲ್ಲಿ ಹೆಸರು ಉಳಿಸುವ ಆಸೆ ರಾಜರಿಗೆ ಮಾತ್ರ ಅಲ್ಲ, ಅಲ್ವಾ?

ಇನ್ನೂ ಉದ್ದದ ಕೋಲು ಹುಡುಕುವಷ್ಟರಲ್ಲಿ ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು.