ಮಳೆಗಾಲದ ತರಗತಿಗೆ ಪ್ರೊಜೆಕ್ಟರ್

ಸಕಲೇಶಪುರ, ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಪ್ರೊಜೆಕ್ಟರಿಗೆ ಶತ್ರು ಮಕ್ಕಳಲ್ಲ, ಮಳೆಗಾಲದ ಥಂಡಿ. ಬಳಸದೆ ಬೀರುವಿನಲ್ಲಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಲ್ಯಾಂಪ್ ಇರುವ ಮಾದರಿಯಾದರೆ ಆಫ್ ಮಾಡಿದ ಕೂಡಲೇ ಪ್ಲಗ್ ಕೀಳಬೇಡಿ, ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಕರೆಂಟು ಹೋದರೆ ಫ್ಯಾನೂ ನಿಂತು ಲ್ಯಾಂಪ್ ತನ್ನ ಬಿಸಿಯಲ್ಲೇ ಬೇಯುತ್ತದೆ. ನಮ್ಮ ಕಡೆ ಕರೆಂಟು ಹೋಗದ ದಿನವೆಲ್ಲಿ? ಯುಪಿಎಸ್ ಬೇಕೇ ಬೇಕು.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನ ವಿಡಿಯೊಗಳನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಹಿಂದಿನ ದಿನವೇ ಇಳಿಸಿಕೊಳ್ಳಿ. ಇನ್ನು ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಸ್ಲೈಡ್, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲೇ ಟೈಪಿಸಿ, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ.