ಪೆಪ್ಪರ್‌ಮಿಂಟ್ ಪಾಕ ಇಡುವ ದಿನ

ಕ್ರಿಸ್‌ಮಸ್‌ಗೆ ಮನೆಯಲ್ಲೇ ಪೆಪ್ಪರ್‌ಮಿಂಟ್ ಮಾಡುವುದಾದರೆ ಮೊದಲು ಆಕಾಶ ನೋಡಿ, ಆಮೇಲೆ ಒಲೆ ಹಚ್ಚಿ. ಮೋಡ ಕವಿದು ಗಾಳಿ ತೇವವಾಗಿದ್ದರೆ ಕೆಲಸವನ್ನು ಮುಂದಕ್ಕೆ ಹಾಕುವುದೇ ಲೇಸು. ಗಟ್ಟಿ ಪಾಕದಲ್ಲಿ ಉಳಿಯುವ ನೀರು ತೀರಾ ಕಡಿಮೆ. ಹಾಗಾಗಿ ಅದು ಗಾಳಿಯ ತೇವವನ್ನು ಬೇಗ ಹೀರಿಕೊಂಡು ಅಂಟಂಟಾಗುತ್ತದೆ.

400 ಗ್ರಾಂ ಸಕ್ಕರೆಗೆ 160 ಗ್ರಾಂ ಗ್ಲೂಕೋಸ್ ಸಿರಪ್, 120 ಮಿ.ಲೀ. ನೀರು. ಸಿರಪ್ ಇರುವುದು ಸಿಹಿಗಲ್ಲ, ಸಕ್ಕರೆ ಮತ್ತೆ ಹರಳುಗಟ್ಟದಿರಲಿ ಎಂದು. ಸಕ್ಕರೆ ಪೂರ್ತಿ ಕರಗುವವರೆಗೆ ಕೈಯಾಡಿಸಿ. ಕುದಿ ಬಂದ ಮೇಲೆ ಸೌಟು ಮುಟ್ಟಲೇಬಾರದು. ಪಾತ್ರೆಯ ಅಂಚಿಗೆ ಮೆತ್ತಿಕೊಂಡ ನಾಲ್ಕು ಕಾಳು ಸಕ್ಕರೆ ಒಳಗೆ ಬಿದ್ದರೂ ಸಾಕು, ಇಡೀ ಪಾಕ ಮರಳು ಮರಳಾಗಿಬಿಡುತ್ತದೆ. ಎರಡು ನಿಮಿಷ ಮುಚ್ಚಳ ಮುಚ್ಚಿದರೆ ಆವಿಯೇ ಅಂಚನ್ನು ತೊಳೆಯುತ್ತದೆ.

ಪಾಕ 150 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. 140ಕ್ಕೇ ಇಳಿಸಿದರೆ ಮಿಠಾಯಿ ಹಲ್ಲಿಗೆ ಅಂಟುತ್ತದೆ. 160 ದಾಟಿದರೆ ಹಳದಿ ತಿರುಗಿ ಸುಟ್ಟ ರುಚಿ ಬರುತ್ತದೆ. ಥರ್ಮಾಮೀಟರನ್ನು ನಂಬುವ ಮೊದಲು ಕುದಿಯುವ ನೀರಿನಲ್ಲಿಟ್ಟು ನೋಡಿ. ಅಲ್ಲಿ 98 ತೋರಿಸಿದರೆ ಪಾಕವನ್ನು 148ಕ್ಕೇ ಇಳಿಸಬೇಕು. ಥರ್ಮಾಮೀಟರೇ ಇಲ್ಲವೆಂದರೆ ತಣ್ಣೀರಿಗೆ ಒಂದು ಹನಿ ಬಿಡಿ: ಬಾಗದೆ ಟಕ್ಕೆಂದು ಮುರಿದರೆ ಪಾಕ ಬಂದಂತೆ.

ಕೆಳಗಿಳಿಸಿ, ಗುಳ್ಳೆ ಪೂರ್ತಿ ಅಡಗಿದ ಮೇಲೆ ತಿನ್ನಲು ಯೋಗ್ಯವಾದ ಪೆಪ್ಪರ್‌ಮಿಂಟ್ ಎಣ್ಣೆ ಅರ್ಧ ಟೀ ಚಮಚ. ಕುದಿಯುವಾಗಲೇ ಹಾಕಿದರೆ ಪರಿಮಳವೆಲ್ಲ ಹಾರಿಹೋಗುತ್ತದೆ. ಮುಖ ದೂರವಿರಲಿ, ಆ ಆವಿ ಕಣ್ಣಿಗೆ ಉರಿ. ಆಲ್ಕೋಹಾಲ್ ಬೆರೆತ ಎಸೆನ್ಸ್ ಬಿಸಿ ಪಾಕಕ್ಕೆ ಬಿದ್ದರೆ ಬುಸ್ಸೆಂದು ಉಕ್ಕುತ್ತದೆ; ಈ ಕೆಲಸಕ್ಕೆ ಎಣ್ಣೆಯೇ ಸರಿ.

ಎಣ್ಣೆ ಸವರಿದ ಎರಡು ತಟ್ಟೆಗೆ ಸುರಿಯಿರಿ: ಮೂರರಲ್ಲಿ ಒಂದು ಪಾಲಿಗೆ ಕೆಂಪು ಬಣ್ಣ, ಉಳಿದದ್ದು ಬಿಳಿಗೆ. ಅಂಚು ಗಟ್ಟಿಯಾಗುತ್ತಿದ್ದಂತೆ ನಡುವಿಗೆ ಮಡಚುತ್ತಾ ಬನ್ನಿ. ಶಾಖ ತಡೆಯುವ ಕೈಗವಸು ಹಾಕಿ ಹಿಡಿಯುವಷ್ಟು ಆರಿದಾಗ ದೊಡ್ಡ ಪಾಲನ್ನು ಎಳೆದು, ಮಡಚಿ, ಮತ್ತೆ ಎಳೆಯಿರಿ. ಗಾಜಿನಂತಿದ್ದದ್ದು ಮೊದಲು ಮಂಕಾಗುತ್ತದೆ, ಆಮೇಲೆ ರೇಷ್ಮೆಯ ಹೊಳಪಿನ ಬಿಳಿಯಾಗುತ್ತದೆ. ಒಳಗೆ ಸೇರಿದ ಸಣ್ಣ ಗಾಳಿಗುಳ್ಳೆಗಳೇ ಆ ಬಿಳುಪು, ಬೇರೆ ಬಣ್ಣ ಬೇಡ. ಕೆಂಪನ್ನು ಮಾತ್ರ ಎಳೆಯಬೇಡಿ, ಗುಲಾಬಿಗೆ ತಿರುಗುತ್ತದೆ. ಸರದಿ ಬರುವವರೆಗೆ ಅದು 90 ಡಿಗ್ರಿಯ ಓವನ್‌ನಲ್ಲಿರಲಿ. ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇಲ್ಲದಿದ್ದರೆ ಹೊಸೆಯುವಾಗ ಪಟ್ಟೆ ಕಿತ್ತುಬರುತ್ತದೆ.

ಬಿಳಿಯ ಮೇಲೆ ಕೆಂಪು ಪಟ್ಟೆ ಅಂಟಿಸಿ, ಬೆರಳು ದಪ್ಪಕ್ಕೆ ಹೊಸೆದು, ಎಣ್ಣೆ ಹಚ್ಚಿದ ಕತ್ತರಿಯಿಂದ ಕತ್ತರಿಸಿ. ಒಬ್ಬರೇ ಮಾಡುವುದಾದರೆ ಅರ್ಧ ಅಳತೆ ಸಾಕು, ಕೈ ಓಡುವ ಮೊದಲೇ ಗಟ್ಟಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಸಕ್ಕರೆ ಪುಡಿಯಲ್ಲಿ ಹೊರಳಿಸಿ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಚಾಕೊಲೇಟೋ ಬಿಸ್ಕತ್ತೋ ಅದೇ ಡಬ್ಬಿಯಲ್ಲಿ ಬೇಡ, ಒಂದೇ ರಾತ್ರಿಯಲ್ಲಿ ಅವಕ್ಕೂ ಪೆಪ್ಪರ್‌ಮಿಂಟ್ ವಾಸನೆ ಹತ್ತುತ್ತದೆ. ಪಾಕದ ಪಾತ್ರೆಯನ್ನು ಉಜ್ಜಬೇಡಿ. ನೀರು ತುಂಬಿಸಿ ಕುದಿಸಿದರೆ ತಾನೇ ಬಿಡುತ್ತದೆ.